ಐದೂವರೆಗೆ ಆರುವ ಯಂತ್ರ

ನೀರು ಸರಬರಾಜು ಇಲಾಖೆಯ ಶಾಖಾ ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಗುಮಾಸ್ತನಿಗೆ ಈವರೆಗೆ ಯಾರೂ ಎದ್ದು ನಿಂತು ನಮಸ್ಕಾರ ಹೇಳಿದ್ದಿಲ್ಲ. ಹೇಳುವುದಕ್ಕೆ ಕಾರಣವೂ ಇರಲಿಲ್ಲ ಬಿಡಿ. ಬೆಳಿಗ್ಗೆ ಹತ್ತಕ್ಕೆ ಬಂದು ಕೂರುವುದು. ಕಿಟಕಿಯ ಆಚೆ ನಿಂತವರು ಬೈಯುವುದನ್ನೆಲ್ಲ ಕೇಳಿಸಿಕೊಂಡು, ಬೈಗುಳವನ್ನು ಸೋಸಿ ತೆಗೆದು, ಉಳಿದದ್ದನ್ನು ಮಾತ್ರ ಕಂಪ್ಯೂಟರಿಗೆ ತುಂಬುವುದು: ಬೀದಿ, ಮನೆ ನಂಬರು, ಪೈಪು ಒಡೆದಿದೆಯೋ, ನೀರೇ ಬರುತ್ತಿಲ್ಲವೋ, ಬಂದದ್ದು ಕೆಸರೋ. ಸಂಜೆ ಐದೂವರೆಗೆ ಎದ್ದು ಹೋಗುವುದು. ಹದಿನೆಂಟು ವರ್ಷ ಇಷ್ಟೇ. ಅಂಥ ಮನುಷ್ಯನಿಗೆ ನಲವತ್ತಾರನೆಯ ವಯಸ್ಸಿನಲ್ಲಿ ದೊಡ್ಡವನಾಗುವ ಆಸೆ ಹುಟ್ಟಿತು. ಹುಟ್ಟಬಾರದಿತ್ತು. ಆದರೆ ಆಸೆ ಅರ್ಜಿ ಹಾಕಿ ಬರುವುದಿಲ್ಲವಲ್ಲ.

ಆಸೆ ಹುಟ್ಟಿಸಿದವರು ಕಂಪ್ಯೂಟರ್ ಮೇಡಂ. ಒಂಬತ್ತು ಶಾಖೆಗೆ ಸೇರಿ ಇಲಾಖೆ ಇಟ್ಟುಕೊಂಡಿದ್ದ ಒಬ್ಬರೇ ಒಬ್ಬರು. ಬಂದರೆ ಹೆಲ್ಮೆಟ್ ಕೂಡ ತೆಗೆಯದೆ ಕೆಲಸ ಮಾಡಿ ಹೋಗುವವರು. ಅಲ್ಲಿಯವರೆಗೆ ದಿನದ ದೂರಿನ ಪಟ್ಟಿ ಕಾಗದದ ಮೇಲೆ ಬಸ್ಸು ಹತ್ತಿ ಮುಖ್ಯ ಕಚೇರಿಗೆ ಹೋಗುತ್ತಿತ್ತು. ಇನ್ನು ಮೇಲೆ ತಂತಿಯ ಮೇಲೆ ಹೋಗಬೇಕು ಎಂದು ಆದೇಶ ಬಂತು. ಅದನ್ನು ಕಲಿಸಲು ಮೇಡಂ ಬಂದರು. ಗುಮಾಸ್ತನ ಕಂಪ್ಯೂಟರಿನಲ್ಲಿ ಒಂದು ಕಪ್ಪು ಕಿಟಕಿ ತೆರೆದರು. ಚಿತ್ರವಿಲ್ಲ, ಗುಂಡಿಯಿಲ್ಲ, ಬಣ್ಣವಿಲ್ಲ. ಕಪ್ಪು ಗೋಡೆಯ ಮೇಲೆ ಬಿಳಿ ಅಕ್ಷರ. ಮೇಡಂ ಒಂದು ಸಾಲು ಬಡಿದರು, ಯಂತ್ರ ಒಂದು ಸಾಲು ಉತ್ತರ ಕೊಟ್ಟಿತು. ಇನ್ನೊಂದು ಬಡಿದರು, ಕೆಲಸ ಮುಗಿಯಿತು. ಮೌಸನ್ನು ಮುಟ್ಟಲೇ ಇಲ್ಲ. ಗುಮಾಸ್ತ ಬಾಯಿ ತೆರೆದುಕೊಂಡು ನೋಡಿದ.

ಅವನ ನೋಟ್‌ಬುಕ್ಕಿನಲ್ಲಿ ಮೇಡಂ ಮೂರು ಸಾಲು ಬರೆದುಕೊಟ್ಟರು. ಮೊದಲನೆಯದು ಬಡಿದರೆ ಇಲ್ಲಿಂದಲೇ ಮುಖ್ಯ ಕಚೇರಿಯ ದೊಡ್ಡ ಯಂತ್ರದ ಒಳಕ್ಕೆ ಹೋಗಬಹುದು. ಎರಡನೆಯದು ದೂರಿನ ಪಟ್ಟಿಯನ್ನು ಅಲ್ಲಿ ಇಡುತ್ತದೆ. ಮೂರನೆಯದು ಅಲ್ಲಿಂದ ಹೊರಟು ನಮ್ಮ ಯಂತ್ರಕ್ಕೆ ವಾಪಸ್ ಕರೆತರುತ್ತದೆ. ಒಳಗೆ ಹೋಗಲು ಹೆಸರು, ಪಾಸ್‌ವರ್ಡ್ ಬೇಕು. ಗುಮಾಸ್ತನ ಹೆಸರಿನಲ್ಲಿ ಹೊಸದು ಮಾಡಿಕೊಡುವುದಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಮೇಡಂಗೆ ಆ ದಿನ ಇನ್ನೂ ಮೂರು ಶಾಖೆ ಬಾಕಿ.

"ಸದ್ಯಕ್ಕೆ ನಂದೇ ಹಾಕ್ಕೊಳ್ಳಿ ಸಾರ್. ಯಾರಿಗೂ ಹೇಳ್ಬೇಡಿ."

ಹೊರಡುವ ಮುಂಚೆ ಅವರು ಮತ್ತೊಂದು ಸಾಲು ಬಡಿದರು. ಗುಮಾಸ್ತನ ಕಂಪ್ಯೂಟರ್ ತನ್ನಷ್ಟಕ್ಕೆ ಆರಿಹೋಯಿತು.

"ಅದೇನು ಮೇಡಂ ಅದು?"

"ಮಷೀನ್ ಆಫ್ ಮಾಡೋದು. ಅದು ನಿಮಗೆ ಬೇಡ ಸಾರ್. ನೀವು ಮೌಸಲ್ಲೇ ಮಾಡ್ಕೊಳ್ಳಿ."

ನಿಮಗೆ ಬೇಡ! ಹದಿನೆಂಟು ವರ್ಷದಿಂದ ಬಡ್ತಿಯ ಪಟ್ಟಿ ಬಂದಾಗಲೆಲ್ಲ ಕೇಳಿದ ಮಾತು ಅದು. ಮೇಡಂ ಬಾಗಿಲು ದಾಟುವಷ್ಟರಲ್ಲಿ ಗುಮಾಸ್ತ ಆ ಸಾಲನ್ನು ತಾನೇ ನಾಲ್ಕನೆಯದಾಗಿ ಬರೆದುಕೊಂಡು ಅಡಿಗೆರೆ ಎಳೆದಿದ್ದ.

ಮರುದಿನದಿಂದ ಶಾಖಾ ಕಚೇರಿಯಲ್ಲಿ ಸಂಜೆ ಐದು ಇಪ್ಪತ್ತಕ್ಕೆ ಪ್ರದರ್ಶನ ಶುರುವಾಯಿತು. ಗುಮಾಸ್ತ ತೋಳು ಮಡಚಿಕೊಂಡು ಕೂರುತ್ತಿದ್ದ. ಟಪಾಲು ನೋಡುವ ಹೆಂಗಸು, ಮೀಟರ್ ಓದುವವನು, ಬೈಯಲು ಬಂದು ಬೈಗುಳ ಮರೆತು ನಿಂತ ಇಬ್ಬರು ಮೂವರು, ಇವರೆಲ್ಲ ಪ್ರೇಕ್ಷಕರು. ಮೊದಲನೆಯ ಸಾಲು ಬಡಿದರೆ ಅಕ್ಷರ ಹರಿದು ಬರುತ್ತಿತ್ತು: ಜನ 'ಓ' ಎನ್ನುತ್ತಿದ್ದರು. ಎರಡನೆಯದಕ್ಕೆ ಸಂಖ್ಯೆಗಳು ಓಡುತ್ತಿದ್ದವು: ಜನ ಹತ್ತಿರ ಬಗ್ಗುತ್ತಿದ್ದರು. ಮೂರನೆಯದಕ್ಕೆ ಮಾತ್ರ ಹೇಳಿಕೊಳ್ಳುವಂಥದ್ದು ಏನೂ ಆಗುತ್ತಿರಲಿಲ್ಲ. ಕಪ್ಪು ಗೋಡೆ ಕಪ್ಪಾಗಿಯೇ ಇರುತ್ತಿತ್ತು.

"ಕೆಟ್ಟೋಯ್ತಾ?" ಎಂದು ಮೀಟರಿನವನು ಆಕಳಿಸಿದ.

ಪ್ರೇಕ್ಷಕರು ಆಕಳಿಸಿದ ಮೇಲೆ ಆ ಭಾಗವನ್ನು ಇಟ್ಟುಕೊಂಡು ಏನು ಮಾಡುವುದು? ನಾಲ್ಕನೆಯ ದಿನ ಗುಮಾಸ್ತ ಮೂರನೆಯ ಸಾಲನ್ನು ಕತ್ತರಿಸಿ ಹಾಕಿದ. ಒಂದು, ಎರಡು, ನಾಲ್ಕು. ನಾಲ್ಕನೆಯದಕ್ಕೆ ಯಂತ್ರ ಪಾಸ್‌ವರ್ಡ್ ಕೇಳುತ್ತಿತ್ತು, ಕೊಡುತ್ತಿದ್ದ. ಆಮೇಲೆ ಅದು ಒಂದೆರಡು ಸಾಲು ಏನೋ ಗೊಣಗುತ್ತಿತ್ತು. ಗುಮಾಸ್ತ ಓದುತ್ತಿರಲಿಲ್ಲ. ಕಿಟಕಿಯ ಆಚೆಯವರ ಗೊಣಗಾಟವನ್ನೇ ಓದದವನು ಯಂತ್ರದ ಗೊಣಗಾಟ ಓದುತ್ತಾನೆಯೇ? ಪರದೆಯ ಗುಂಡಿ ಒತ್ತಿ, ಪರದೆ ಕಪ್ಪಾದದ್ದನ್ನು ಎಲ್ಲರಿಗೂ ತೋರಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದ. ಬೆಳಿಗ್ಗೆ ಬಂದು ಅದೇ ಗುಂಡಿ ಒತ್ತಿದರೆ ಕಂಪ್ಯೂಟರ್ ಆ ಕ್ಷಣವೇ ಸಿದ್ಧ.

"ನೋಡಿದ್ರಾ? ಮೌಸಲ್ಲಿ ಆಫ್ ಮಾಡಿದ್ರೆ ಬೆಳಿಗ್ಗೆ ಎದ್ದೇಳೋಕೆ ಐದು ನಿಮಿಷ ತಗೊಳ್ತಿತ್ತು. ಕಮಾಂಡಲ್ಲಿ ಮಾಡಿದ್ರೆ ಒತ್ತಿದ ತಕ್ಷಣ ಹಾಜರ್!"

"ಹಾಗಾದ್ರೆ ನೀವು ಗುಮಾಸ್ತರಲ್ಲ, ಕಮಾಂಡರ್ರು," ಎಂದ ಮೀಟರಿನವನು. ಅವನು ಹೇಳಿದ್ದು ಲೇವಡಿಗೆ. ಗುಮಾಸ್ತ ಅದನ್ನು ಬಿರುದು ಎಂದು ತೆಗೆದುಕೊಂಡು ಮನೆಗೆ ಹೋದ.

ಮನೆಯಲ್ಲಿ ಹೆಂಡತಿ ಅದನ್ನು ಮರುದಿನ ಸಂಜೆಯೊಳಗೆ ಬೀದಿಗೆ ಹಂಚಿದಳು. ಎದುರುಮನೆಯ ನಿವೃತ್ತ ಮೇಷ್ಟ್ರು ಗೇಟಿಗೆ ಬಂದು ನಿಂತರು.

"ನಿಮ್ಮ ಯಜಮಾನರು ಮೌಸ್ ಮುಟ್ಟೋದಿಲ್ವಂತೆ?"

"ಮುಟ್ಟೋದೇ ಇಲ್ಲ ಮೇಷ್ಟ್ರೇ. ತಿಂಗಳಾಯ್ತು ಬಿಟ್ಟು," ಎಂದಳು ಅವಳು, ಸಿಗರೇಟು ಬಿಟ್ಟವರ ಬಗ್ಗೆ ಹೇಳುವ ದನಿಯಲ್ಲಿ.

ಅಂದಿನಿಂದ ಮೇಷ್ಟ್ರು ತಮ್ಮ ಬಟ್ಟೆ ಒಗೆಯುವ ಯಂತ್ರ ಮೊಂಡು ಹಿಡಿದಾಗಲೆಲ್ಲ ಬಂದು "ಕಮಾಂಡರೇ, ಇದಕ್ಕೇನಾದ್ರೂ ಒಂದು ಸಾಲು ಇದೆಯಾ?" ಎಂದು ಕೇಳತೊಡಗಿದರು. ಗುಮಾಸ್ತ ಗಂಭೀರವಾಗಿ ಯೋಚಿಸಿ, "ಅದರಲ್ಲಿ ಕಪ್ಪು ಪರದೆ ಇಲ್ಲವಲ್ಲ ಮೇಷ್ಟ್ರೇ," ಎಂದು ವಿಷಾದ ವ್ಯಕ್ತಪಡಿಸುತ್ತಿದ್ದ. ಇಬ್ಬರಿಗೂ ಅದು ಸರಿಯಾದ ಉತ್ತರವಾಗಿಯೇ ಕಂಡಿತು.

ಈ ವೈಭವದ ನಡುವೆ ಒಂದು ಸಂಜೆ ಭಾಮೈದ ಬಂದ. ಹೆಂಡತಿಯ ಒಬ್ಬನೇ ತಮ್ಮ. ಸಿನಿಮಾ ಮಂದಿರ, ಬಿಸ್ಕತ್ತು ಕಾರ್ಖಾನೆ, ಲಿಫ್ಟ್ ಕಂಪನಿ ಎಂದು ಮೂರು ಕಡೆ ಕೆಲಸ ಕಳೆದುಕೊಂಡ ಮೇಲೆ, ಅಕ್ಕ ಹತ್ತು ಜನರ ಬಾಗಿಲು ತಟ್ಟಿ ಅವನನ್ನು ಇಲಾಖೆಯ ಮುಖ್ಯ ಕಚೇರಿಗೇ ಎಲೆಕ್ಟ್ರಿಷಿಯನ್ ಆಗಿ ಸೇರಿಸಿದ್ದಳು. ಒಂದು ವರ್ಷ ಪರೀಕ್ಷೆಯ ಅವಧಿ. ಅದು ಮುಗಿದು ಕೆಲಸ ಕಾಯಂ ಆಗಲು ಮೂರೇ ವಾರ ಉಳಿದಿತ್ತು. ಅಷ್ಟು ಹತ್ತಿರ ಬಂದವನ ಮುಖದಲ್ಲಿ ಇರಬೇಕಾದ ಕಳೆ ಅವನಲ್ಲಿರಲಿಲ್ಲ.

"ಭಾವ, ಆ ದೊಡ್ಡ ಯಂತ್ರ ನನ್ನ ಪ್ರಾಣ ತಿಂತಿದೆ. ದಿನಾ ಸಂಜೆ ಆರೋಗುತ್ತೆ. ಸರಿಯಾಗಿ ಐದೂವರೆಗೆ."

"ಕರೆಂಟ್ ಹೋಗ್ತಿರಬೇಕು ಕಣೋ."

"ಫ್ಯಾನ್ ತಿರುಗ್ತಿರುತ್ತೆ, ಲೈಟ್ ಉರೀತಿರುತ್ತೆ, ಇದೊಂದೇ ಆರುತ್ತೆ. ಬೆಳಿಗ್ಗೆ ಹೋಗಿ ನಾನೇ ಗುಂಡಿ ಒತ್ತಿ ಹಚ್ಚಬೇಕು. ರಿಪೇರಿ ಗ್ಯಾಂಗು ಆರು ಗಂಟೆಗೆ ಪಟ್ಟಿ ಪ್ರಿಂಟ್ ತಗೊಂಡು ಹೊರಡೋದು. ಯಂತ್ರ ಆರಿದ್ರೆ ಪಟ್ಟಿ ಎಲ್ಲಿಂದ ಬರಬೇಕು? ವ್ಯಾನಲ್ಲಿ ಕೂತು ಹರಟೆ ಹೊಡೆದು ಮನೆಗೆ ಹೋಗ್ತಾರೆ. ದೊಡ್ಡ ಸಾಹೇಬ್ರು ನನ್ನ ಹಿಡ್ಕೊಂಡಿದ್ದಾರೆ. ವೈರಿಂಗ್ ನಿಂದು, ಉತ್ತರ ನಿಂದು ಅಂತಾರೆ."

ಗುಮಾಸ್ತ ಕಾಲ ಮೇಲೆ ಕಾಲು ಹಾಕಿಕೊಂಡ. ಕಿಟಕಿಯಲ್ಲಿ ಅದೇ ಜನ ಅದೇ ಪೈಪಿನ ದೂರು ಹೊತ್ತು ನಾಲ್ಕನೆಯ ಸಲ, ಐದನೆಯ ಸಲ ಬರುತ್ತಿರುವುದು ಯಾಕೆಂದು ಈಗ ಅವನಿಗೆ ತಿಳಿಯಿತು. ಛೆ, ಮುಖ್ಯ ಕಚೇರಿಯ ಹಣೆಬರಹವೇ ಇಷ್ಟು ಎಂದುಕೊಂಡ.

"ಅರ್ಥಿಂಗ್ ಸಡಿಲ ಇರಬೇಕು," ಎಂದ.

ಭಾಮೈದ ಎರಡು ದಿನ ನೆಲ ಅಗೆದು ಅರ್ಥಿಂಗ್ ಹೊಸದು ಮಾಡಿದ. ಐದೂವರೆಗೆ ಯಂತ್ರ ಆರಿತು. ಪ್ಲಗ್ಗು ಬದಲಿಸಿದ, ಬೋರ್ಡು ಬದಲಿಸಿದ, ಯಂತ್ರಕ್ಕೆ ಕರೆಂಟ್ ಕೊಡುವ ಬ್ಯಾಟರಿ ಡಬ್ಬಿ ಬದಲಿಸಿದ. ಐದೂವರೆಗೆ ಆರಿತು. ಹದಿಮೂರನೆಯ ಅಡ್ಡರಸ್ತೆಯಲ್ಲಿ ಒಡೆದ ಪೈಪು ಅಷ್ಟರಲ್ಲಿ ಒಂದು ಕೊಳವನ್ನೇ ಕಟ್ಟಿಕೊಂಡಿತ್ತು. ಅಲ್ಲಿಯವರು ಬೈಯುವುದನ್ನು ಬಿಟ್ಟು, ಬಾತುಕೋಳಿ ಸಾಕಿದರೆ ಇಲಾಖೆಯ ಅಭ್ಯಂತರವಿದೆಯೇ ಎಂದು ಲಿಖಿತವಾಗಿ ಕೇಳಿದ್ದರು.

"ರೀ, ಊರಿಗೆಲ್ಲ ಕಮಾಂಡರ್ ನೀವು. ನನ್ನ ತಮ್ಮನಿಗೆ ಒಂದು ದಿನ ಹೋಗಿ ನೋಡೋಕಾಗಲ್ವಾ?" ಎಂದಳು ಹೆಂಡತಿ.

ಮಂಗಳವಾರ ಗುಮಾಸ್ತ ಅರ್ಧ ದಿನ ರಜೆ ಹಾಕಿದ. ಆ ದಿನದ ಪಟ್ಟಿಯನ್ನು ಹಳೆಯ ಕಾಲದಂತೆ ಕಾಗದದಲ್ಲಿ ಹಿಡಿದುಕೊಂಡು ಬಸ್ಸಿನಲ್ಲಿ ಮುಖ್ಯ ಕಚೇರಿಗೆ ಹೋದ. ದೊಡ್ಡ ಸಾಹೇಬರು ಬಾಗಿಲಿಗೇ ಬಂದರು.

"ಇವರೇನಾ ಕಮಾಂಡರ್ರು? ಕೂತ್ಕೊಳ್ಳಿ, ಕೂತ್ಕೊಳ್ಳಿ."

ಗಾಜಿನ ಕೋಣೆಯಲ್ಲಿ, ಯಂತ್ರದ ಎದುರು, ಕೈ ಇರುವ ಕುರ್ಚಿ ಹಾಕಿಸಿದರು. ಭಾಮೈದ ಹಿಂದೆ ಬಂದು ನಿಂತಾಗ ಸಾಹೇಬರು ಕೈ ಅಡ್ಡ ಹಿಡಿದರು. "ವೈರಿಂಗ್ ಮಾಡಿದವನು ಪರೀಕ್ಷೆಗೆ ಇರಬಾರದು. ನೀನು ಪಂಪ್ ಹೌಸಿಗೆ ಹೋಗಪ್ಪ."

ಐದು ಇಪ್ಪತ್ತೈದು. ಹೆಡ್ ಕ್ಲರ್ಕು ಗಡಿಯಾರ ನೋಡಿದರು. ಐದೂವರೆ. ಯಾರೂ ಉಸಿರಾಡಲಿಲ್ಲ. ಗುಮಾಸ್ತ ಕಣ್ಣು ಕಿರಿದು ಮಾಡಿಕೊಂಡು ಯಂತ್ರವನ್ನೇ ನೋಡಿದ. ಐದು ಮೂವತ್ತೊಂದು. ಐದು ನಲವತ್ತು. ಆರು. ಯಂತ್ರ ಉರಿಯುತ್ತಲೇ ಇತ್ತು. ಎಷ್ಟೋ ವಾರಗಳಲ್ಲಿ ಮೊದಲ ಸಲ ಉಳಿದೆಲ್ಲ ಶಾಖೆಗಳ ಪಟ್ಟಿಯೂ ಪ್ರಿಂಟಾಗಿ ಹೊರಬಂತು. ರಿಪೇರಿ ಗ್ಯಾಂಗು ವ್ಯಾನ್ ಚಾಲೂ ಮಾಡುವುದು ಹೇಗೆಂದು ನೆನಪಿಸಿಕೊಂಡು ಹೊರಟಿತು.

"ಕೂತ್ರೆ ಸಾಕಲ್ರೀ ನೀವು! ಕೈ ಕೂಡ ಹಚ್ಚಲಿಲ್ಲ!" ಎಂದು ಸಾಹೇಬರು ಕೈ ಕುಲುಕಿದರು. ಹೆಡ್ ಕ್ಲರ್ಕು ಒಂದು ಕಾಗದ ತಂದು ಮುಂದಿಟ್ಟರು. 'ತಜ್ಞರ ಸಮ್ಮುಖದಲ್ಲಿ ಪರೀಕ್ಷಿಸಲಾಯಿತು.' ತಜ್ಞರು! ಗುಮಾಸ್ತ ಕೆಳಗೆ ದೊಡ್ಡದಾಗಿ ಸಹಿ ಹಾಕಿದ. ಮೇಲಿನದನ್ನು ಓದಲಿಲ್ಲ. ಓದದಿರುವುದು ಅವನ ಹಳೆಯ ಅಭ್ಯಾಸವೆಂದು ಆಗಲೇ ಹೇಳಿದೆ.

ಬುಧವಾರ ಭಾಮೈದ ಪಂಪ್ ಹೌಸಿನಿಂದ ವಾಪಸ್ ಬಂದ. ಗುಮಾಸ್ತ ತನ್ನ ಕುರ್ಚಿಗೆ ವಾಪಸ್ ಬಂದು ಒಂದು, ಎರಡು, ನಾಲ್ಕು ಬಡಿದ. ಐದೂವರೆಗೆ ಯಂತ್ರ ಆರಿತು.

ಕಚೇರಿ ಎಂದ ಮೇಲೆ ತಪ್ಪು ಯಂತ್ರದ್ದು ಎಂದಾಗುವುದಿಲ್ಲ. ಯಂತ್ರಕ್ಕೆ ಮೆಮೊ ಕೊಡಲು ಬರುವುದಿಲ್ಲವಲ್ಲ. ಮೆಮೊ ತೆಗೆದುಕೊಳ್ಳುವ ಕೈ ಇರುವವನು ಬೇಕು. ಹೆಡ್ ಕ್ಲರ್ಕು ಅವನನ್ನು ಹುಡುಕಿದರು: ಎಲೆಕ್ಟ್ರಿಷಿಯನ್ ಇಲ್ಲದ ದಿನ ಯಂತ್ರ ಆರಲಿಲ್ಲ, ಇದ್ದ ದಿನ ಆರಿತು, ಆದ್ದರಿಂದ ಆರಿಸುತ್ತಿರುವವನು ಎಲೆಕ್ಟ್ರಿಷಿಯನ್ನೇ. ಶನಿವಾರ ಹನ್ನೊಂದಕ್ಕೆ ವಿಚಾರಣೆ, ಅಲ್ಲಿಗೆ ಕೆಲಸಕ್ಕೆ ಮಂಗಳ. ಆಧಾರಕ್ಕೆ ತಜ್ಞರ ವರದಿ ಲಗತ್ತಿಸಿದೆ.

ಮೆಮೊ ಮತ್ತು ವರದಿ ಎರಡನ್ನೂ ಹಿಡಿದುಕೊಂಡು ಭಾಮೈದ ಬಂದ. ಅವನು ಅಳಲಿಲ್ಲ. ಸುಮ್ಮನೆ ಅಕ್ಕನ ಕೈಗೆ ಕೊಟ್ಟ. ಅವಳು ಓದಿದಳು. ಕೊನೆಯಲ್ಲಿದ್ದ ದೊಡ್ಡ ಸಹಿಯನ್ನು ಇನ್ನೊಂದು ಸಲ ಓದಿದಳು.

"ನನ್ನ ತಮ್ಮನ ಮೇಲೆ ಸಹಿ ಹಾಕಿ ಬಂದಿದ್ದೀರಾ?"

"ಹಾಗಲ್ಲ ಕಣೇ, ತಜ್ಞರು ಅಂತ ಬರೆದಿದ್ರು..."

"ತಜ್ಞರು ಇವತ್ತು ಹಾಲ್‌ನಲ್ಲಿ ಮಲಗಲಿ," ಎಂದು ಅವಳು ದಿಂಬು ತಂದು ಕೊಟ್ಟಳು.

ಗುರುವಾರ ಬೆಳಿಗ್ಗೆ ಮನೆಯಲ್ಲಿ ತಿಂಡಿಯೂ ಇಲ್ಲ, ಮಾತೂ ಇಲ್ಲ. ಗುಮಾಸ್ತ ಒಂಬತ್ತಕ್ಕೇ ಕಚೇರಿಗೆ ಬಂದು ಕೂತ. ಕಸ ಗುಡಿಸುವ ಅಮ್ಮ ಪೊರಕೆ ಹಿಡಿದು ಅವನ ಮೇಜಿನ ಹತ್ತಿರ ಬಂದಳು.

"ಕಾಲು ಎತ್ತಿ ಸಾರ್. ಬೆಕ್ಕು ಓಡಿಸಬೇಕು."

ಮೇಜಿನ ಕೆಳಗೆ, ಕಂಪ್ಯೂಟರಿನ ಡಬ್ಬಿಗೆ ಬೆನ್ನು ಒತ್ತಿಕೊಂಡು ಒಂದು ಬೂದು ಬೆಕ್ಕು ಮಲಗಿತ್ತು.

"ಇದು ಯಾವಾಗಿಂದ ಇಲ್ಲಿ?"

"ಎರಡು ತಿಂಗಳಾಯ್ತಲ್ಲ. ಚಳಿಗೆ ಬೆಚ್ಚಗಿರತ್ತೆ. ನಿಮ್ಮ ಡಬ್ಬಿ ಯಾವಾಗ್ಲೂ ಬಿಸಿ."

"ಬೆಳಿಗ್ಗೆ ಹೇಗಮ್ಮ ಬಿಸಿ ಇರತ್ತೆ? ನಾನು ಸಂಜೆನೇ ಆಫ್ ಮಾಡಿ ಹೋಗ್ತೀನಲ್ಲ?"

ಅಮ್ಮ ಪೊರಕೆ ನಿಲ್ಲಿಸಿ ಅವನ ಮುಖ ನೋಡಿದಳು. "ಎಲ್ಲಿ ಮಾಡ್ತೀರಿ ಸಾರ್? ಟಿವಿ ಒಂದು ಮುಚ್ಚಿ ಹೋಗ್ತೀರಿ. ಕೆಳಗೆ ಹಸಿರು ದೀಪ ಉರೀತಾನೇ ಇರತ್ತೆ, ಗುರ್ ಅಂತಾನೇ ಇರತ್ತೆ. ಏನೋ ದೊಡ್ಡ ಕೆಲಸ ನಡೀತಿರಬೇಕು ಅಂತ ನಾನು ಮುಟ್ಟಿಲ್ಲ."

ಗುಮಾಸ್ತ ಮಂಡಿಯೂರಿ ಮೇಜಿನ ಕೆಳಗೆ ತಲೆ ಹಾಕಿದ. ಹಸಿರು ದೀಪ ಅವನನ್ನೇ ನೋಡುತ್ತಿತ್ತು. ಬೆಕ್ಕೂ ನೋಡುತ್ತಿತ್ತು. ದಿನಾ ಸಂಜೆ ಐದೂವರೆಗೆ ಆರಿಸುತ್ತಿರುವುದು ಇದನ್ನಲ್ಲ ಎಂದಾದರೆ, ಆರಿಸುತ್ತಿರುವುದು ಯಾವುದನ್ನು? ಕೆಳಗಿನಿಂದಲೇ ಕಂಪ್ಯೂಟರ್ ಮೇಡಂಗೆ ಫೋನ್ ಮಾಡಿದ.

"ಮೇಡಂ, ಆ ನಾಲ್ಕನೇ ಸಾಲು..."

"ಯಾವ ನಾಲ್ಕನೇದು ಸಾರ್? ನಾನು ಬರೆದಿದ್ದು ಮೂರೇ."

ಅವನು ಹೇಳಿದ.

"ಮೂರನೇದು ಹೊಡೆದು ವಾಪಸ್ ಬಂದ ಮೇಲೆ ತಾನೇ ಅದನ್ನ ಹೊಡೀತಿದ್ದದ್ದು?"

"ಮೂರನೇದು ಬಿಟ್ಟುಬಿಟ್ಟೆ ಮೇಡಂ. ಅದರಲ್ಲಿ ಏನೂ ಆಗ್ತಿರಲಿಲ್ಲ."

"ಅಯ್ಯೋ ಸಾರ್! ಬೇರೆಯವರ ಮನೆ ಒಳಗೆ ನಿಂತ್ಕೊಂಡು ನಿಮ್ಮ ಮನೆ ಅಂತ ದೀಪ ಆರಿಸಿದ ಹಾಗಾಯ್ತಲ್ಲ! ವಾಪಸ್ ಬರದೆ ಆಫ್ ಮಾಡು ಅಂದ್ರೆ ನೀವಿರೋ ಜಾಗನೇ ಆಫ್ ಆಗೋದು. ದಿನಾ ಆರಿಸ್ತಿದ್ದದ್ದು ಇಲ್ಲಿನ ದೊಡ್ಡ ಯಂತ್ರನ!" ಆಮೇಲೆ ದನಿ ತಗ್ಗಿಸಿ, "ಸಾರ್, ನನ್ನ ಪಾಸ್‌ವರ್ಡ್ ವಿಷಯ ಮಾತ್ರ ಎತ್ತಬೇಡಿ. ನನ್ನ ಕೆಲಸ ಹೋಗತ್ತೆ."

ಗುಮಾಸ್ತ ಮಾತು ಕೊಟ್ಟ. ಮುಂದಿನ ಬಸ್ಸಿಗೆ ಮುಖ್ಯ ಕಚೇರಿಗೆ ಓಡಿದ. ದೊಡ್ಡ ಸಾಹೇಬರ ಮುಂದೆ ನಿಂತು, ಕೈ ಕಟ್ಟಿಕೊಂಡು, ತಪ್ಪು ನಂದು ಎಂದ.

"ಇಲ್ಲಿಗೂ ನಿಮ್ಮ ಶಾಖೆಗೂ ಎಷ್ಟು ದೂರ?" ಎಂದರು ಸಾಹೇಬರು.

"ಆರು ಕಿಲೋಮೀಟರ್ ಸಾರ್."

"ಆರು ಕಿಲೋಮೀಟರ್ ದೂರದಲ್ಲಿ ಕೂತು ನನ್ನ ಯಂತ್ರ ಆರಿಸಿದ್ರಿ. ಅದೂ ದಿನಾ. ಅದೂ ಗೊತ್ತಿಲ್ಲದೆ."

"ಹೌದು ಸಾರ್."

ಸಾಹೇಬರು ಹೆಡ್ ಕ್ಲರ್ಕಿನ ಮುಖ ನೋಡಿದರು. ಹೆಡ್ ಕ್ಲರ್ಕಿನ ಕಣ್ಣು ಒದ್ದೆಯಾಗಿತ್ತು. "ಭಾಮೈದ ಅಂದ್ರೆ ಇವರಿಗೆ ಎಷ್ಟು ಪ್ರೀತಿ ನೋಡಿ ಸಾರ್. ನಮ್ಮ ಭಾವನೂ ಇದಾನೆ. ಮದುವೆ ಊಟಕ್ಕೆ ಬಂದವನು ಮತ್ತೆ ಮುಖ ತೋರಿಸಿಲ್ಲ."

"ಸುಳ್ಳಲ್ಲ ಸಾರ್! ನಾನೇ ಆರಿಸಿದ್ದು!"

"ಹೇಗೆ ಒಳಗೆ ಬಂದ್ರಿ? ಯಾರ ಹೆಸರಲ್ಲಿ?"

ಗುಮಾಸ್ತ ಬಾಯಿ ತೆರೆದು ಮುಚ್ಚಿದ. ಮಾತು ಕೊಟ್ಟಾಗಿತ್ತಲ್ಲ. ಸಾಹೇಬರು ಕಂಪ್ಯೂಟರ್ ಮೇಡಂ ಅವರನ್ನೇ ಕರೆಸಿದರು. "ಏನಮ್ಮ, ಶಾಖೆಯ ಗುಮಾಸ್ತರು ಅಲ್ಲಿಂದ ಇದನ್ನ ಆರಿಸಬಹುದಾ?"

ಮೇಡಂ ತಮ್ಮ ಬೂಟು ನೋಡಿಕೊಂಡರು. "ಶಾಖೆಯವರಿಗೆ ಆ ಅಧಿಕಾರ ಕೊಟ್ಟಿಲ್ಲ ಸಾರ್."

ಕಾಗದದ ಮೇಲೆ ಅದು ನಿಜವೇ. ಇಲಾಖೆಯಲ್ಲಿ ನಿಜ ಇರುವುದೂ ಅಲ್ಲೇ.

"ಕೇಳಿದ್ರಲ್ಲ? ಹೋಗಿ, ಮನೆಯಲ್ಲಿ ವಿಶ್ರಾಂತಿ ತಗೊಳ್ಳಿ."

"ಮಾಡಿ ತೋರಿಸ್ತೀನಿ ಸಾರ್! ನಿಮ್ಮ ಕಣ್ಣೆದುರೇ ಆರಿಸ್ತೀನಿ! ಆರದಿದ್ರೆ ಅವನ ಜೊತೆ ನನ್ನನ್ನೂ ಕಳಿಸಿ!"

ಈ ಮಾತು ಸಾಹೇಬರಿಗೆ ಹಿಡಿಸಿತು. ಒಂದು ವಿಚಾರಣೆಗೆ ಎರಡು ಕೆಲಸ ಖಾಲಿಯಾದರೆ ಯಾರಿಗೆ ಬೇಡ? ಶನಿವಾರ ಹನ್ನೊಂದು ಎಂದೇ ನಿಗದಿಯಾಯಿತು. ಶುಕ್ರವಾರ ಪೂರ್ತಿ ಗುಮಾಸ್ತ ಕೀಲಿಮಣೆಯ ಮೇಲೆ ಟವೆಲ್ ಹೊದಿಸಿ, ದೂರುಗಳನ್ನು ಕೈಯಲ್ಲೇ ಬರೆದುಕೊಂಡ.

ಶನಿವಾರ ಶಾಖಾ ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದೊಡ್ಡ ಸಾಹೇಬರು ಜೀಪಿನಲ್ಲಿ ಬಂದು ಗುಮಾಸ್ತನ ಬೆನ್ನ ಹಿಂದೆ ನಿಂತರು. ಟಪಾಲಿನ ಹೆಂಗಸು, ಮೀಟರಿನವನು, ಹದಿಮೂರನೆಯ ಅಡ್ಡರಸ್ತೆಯ ಪೂರಾ ಒಂದು ಸಾಲು. ಎದುರುಮನೆ ಮೇಷ್ಟ್ರು ಹೆಂಗಸರಿಗೆ ಜಾಗ ಬಿಡಿ ಎಂದು ಕೂಗುತ್ತ ತಾವೇ ಮುಂದೆ ಬಂದಿದ್ದರು. ಕಿಟಕಿಯ ಸರಳು ಹಿಡಿದುಕೊಂಡು ಹೆಂಡತಿ. ಮುಖ್ಯ ಕಚೇರಿಯ ಗಾಜಿನ ಕೋಣೆಯೊಳಗೆ, ಯಂತ್ರದ ಪಕ್ಕದಲ್ಲಿ, ಫೋನ್ ಹಿಡಿದು ಭಾಮೈದ. ಗಾಜಿನ ಆಚೆ ಅವನ ಮೇಲೆ ಕಣ್ಣಿಟ್ಟು ಹೆಡ್ ಕ್ಲರ್ಕು. ಇಲ್ಲಿ ಸಾಹೇಬರ ಕೈಯಲ್ಲಿ ಫೋನು, ಎಲ್ಲರಿಗೂ ಕೇಳುವಷ್ಟು ಜೋರಾಗಿ.

"ಯಂತ್ರ ಉರೀತಿದೆಯೇನಪ್ಪ?"

"ಉರೀತಿದೆ ಸಾರ್," ಎಂದ ಭಾಮೈದ. ದನಿಯಲ್ಲಿ ಜೀವವಿರಲಿಲ್ಲ.

"ಹೂಂ, ಕಮಾಂಡರೇ, ನಡೀಲಿ."

ಗುಮಾಸ್ತ ಮೊದಲನೆಯ ಸಾಲು ಬಡಿದ. ಪಾಸ್‌ವರ್ಡ್ ಹಾಕಿದ. ಯಂತ್ರ ಒಂದು ಸಾಲು ಗೊಣಗಿತು. ಮತ್ತೆ ಹಾಕಿದ. ಮತ್ತೆ ಗೊಣಗಿತು. ಹಿಂದೆ ಹೀಗೆ ಎರಡೆರಡು ಸಲ ಗೊಣಗುತ್ತಿರಲಿಲ್ಲ. ಮೂರನೆಯ ಸಲ ಹಾಕಿದಾಗ ಯಂತ್ರ ಬಾಗಿಲು ಮುಚ್ಚಿಕೊಂಡು ಸುಮ್ಮನಾಯಿತು. ಗುರುವಾರ ಸಂಜೆಯೇ ಮೇಡಂ ಹೆದರಿಕೊಂಡು ಪಾಸ್‌ವರ್ಡ್ ಬದಲಿಸಿದ್ದರು. ಯಂತ್ರ ಅದನ್ನೇ ಹೇಳುತ್ತಿತ್ತು: ನಿನಗೆ ಒಳಗೆ ಪ್ರವೇಶವಿಲ್ಲ. ಸ್ಪಷ್ಟವಾಗಿ, ಬಿಳಿ ಅಕ್ಷರದಲ್ಲಿ ಹೇಳುತ್ತಿತ್ತು. ಓದುವವರು ಬೇಕಲ್ಲ? ಗುಮಾಸ್ತನ ಕಣ್ಣಿಗೆ ಬೆವರು ಇಳಿಯುತ್ತಿತ್ತು. ಮೂರನೆಯದನ್ನು ಹೇಗೂ ಬಿಡಬೇಕು, ಎರಡನೆಯದು ಇವತ್ತು ಬೇಡ ಎಂದುಕೊಂಡು ನೇರ ನಾಲ್ಕನೆಯದನ್ನು ಬಡಿದ. ಒಂದೊಂದು ಅಕ್ಷರಕ್ಕೂ ಒಂದೊಂದು ಉಸಿರು. ಆಮೇಲೆ ಎಂಟರ್. ಈ ಸಲ ಯಂತ್ರ ಪಾಸ್‌ವರ್ಡ್ ಕೂಡ ಕೇಳಲಿಲ್ಲ.

ಅವನ ಕಾಲಿನ ಹತ್ತಿರ ಗುರ್ ಎನ್ನುತ್ತಿದ್ದದ್ದು ನಿಂತಿತು.

ಪರದೆ ತಾನೇ ಕಪ್ಪಾಯಿತು. ಗುಮಾಸ್ತ ಗುಂಡಿ ಮುಟ್ಟಿರಲಿಲ್ಲ. ಮೇಜಿನ ಕೆಳಗಿನಿಂದ ಬೆಕ್ಕು ಎದ್ದು, ಮೈ ಮುರಿದು, ಸಾಹೇಬರ ಬೂಟಿನ ಪಕ್ಕದಿಂದ ಬೇಸರದಲ್ಲಿ ಹೊರಟುಹೋಯಿತು. ಗುಮಾಸ್ತ ನಿಧಾನವಾಗಿ ಬಗ್ಗಿ ನೋಡಿದ. ಹಸಿರು ದೀಪ ಇರಲಿಲ್ಲ. ಕಪ್ಪು ಕಿಟಕಿ ಕಲಿತ ಮೇಲೆ ಮೊಟ್ಟಮೊದಲ ಸಲ ಅವನು ತನ್ನ ಸ್ವಂತ ಕಂಪ್ಯೂಟರನ್ನು ತಾನೇ ಆರಿಸಿದ್ದ.

ಮುಗಿಯಿತು ಎಂದುಕೊಂಡ. ಕಿಟಕಿಯಲ್ಲಿ ಹೆಂಡತಿಯ ಮುಖ ನೋಡಲಿಲ್ಲ.

"ಏನಪ್ಪ, ಆರಿತಾ?" ಎಂದು ಸಾಹೇಬರು ಫೋನಿಗೆ ಕೇಳಿದರು.

ಆ ಕಡೆಯಿಂದ ಉತ್ತರವಿಲ್ಲ.

"ಆರಿತೇನಯ್ಯಾ?"

ಮೀಟರಿನವನು ಗಂಟಲು ಸರಿಮಾಡಿಕೊಂಡ. ಸಾಹೇಬರು ಗುಮಾಸ್ತನ ಭುಜದ ಮೇಲೆ ಕೈ ಇಟ್ಟರು, ಕಳಿಸಿಕೊಡುವವರು ಇಡುವ ಹಾಗೆ.

"ಆರೋಯ್ತು ಸಾರ್!" ಎಂದು ಫೋನ್ ಕಿರುಚಿತು. "ಪಟ್ ಅಂತ ಆರೋಯ್ತು!"

"ಏನಂದೆ?"

ಹೆಡ್ ಕ್ಲರ್ಕಿನ ದನಿ ನಡುವೆ ನುಗ್ಗಿತು. "ನಿಜ ಸಾರ್! ನಾನೇ ಗಾಜಿನಲ್ಲಿ ನೋಡಿದೆ! ಇವನ ಎರಡು ಕೈಯೂ ಫೋನ್ ಮೇಲಿತ್ತು. ಯಂತ್ರ ತಾನಾಗೇ ಆರಿತು!"

ಶಾಖಾ ಕಚೇರಿಯಲ್ಲಿ ಚಪ್ಪಾಳೆ ಬಿತ್ತು. ಮೇಷ್ಟ್ರು ಪಕ್ಕದವರಿಗೆಲ್ಲ ಇವರು ನಮ್ಮ ಎದುರುಮನೆಯವರು ಎಂದು ತಿಳಿಸಿದರು. ಸಾಹೇಬರು ಕಪ್ಪು ಪರದೆಯನ್ನೂ ಗುಮಾಸ್ತನನ್ನೂ ಸರದಿಯಂತೆ ನೋಡಿದರು. "ಅಲ್ರೀ, ಅದರ ಜೊತೆ ಇದೂ ಆರಿದೆಯಲ್ಲ? ಒಂದೇ ಸಾಲಿಗೆ ಎರಡು?"

ಗುಮಾಸ್ತ ಮಾತಾಡದಿದ್ದದ್ದು ಸಾಹೇಬರಿಗೆ ಇನ್ನೂ ದೊಡ್ಡದಾಗಿ ಕಂಡಿತು. ಅಲ್ಲೇ, ದೂರಿನ ಮೇಜಿನ ಮೇಲೆಯೇ, ಎಲೆಕ್ಟ್ರಿಷಿಯನ್ ಮೇಲಿನ ಮೆಮೊ ಹರಿದು ಹಾಕಿದರು. ಕೆಲಸ ಕಾಯಂ ಮಾಡಲು ತಮ್ಮದೇನೂ ಅಡ್ಡಿಯಿಲ್ಲ ಎಂದು ಬರೆದರು. ಕಿಟಕಿಯ ಸರಳು ಹಿಡಿದಿದ್ದ ಹೆಂಡತಿ ಸರಳು ಬಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ಇನ್ನು ಗುಮಾಸ್ತನನ್ನು ಏನು ಮಾಡುವುದು? ಶಿಕ್ಷೆ ಕೊಡಬೇಕೆಂದರೆ, ಶಾಖೆಯ ಒಬ್ಬ ಗುಮಾಸ್ತ ತಿಂಗಳುಗಟ್ಟಲೆ ಮುಖ್ಯ ಕಚೇರಿಯನ್ನೇ ಆರಿಸುತ್ತಿದ್ದ, ಸಾಹೇಬರಿಗೆ ತಿಳಿಯಲಿಲ್ಲ ಎಂದು ಕಡತದಲ್ಲಿ ಬರೆಯಬೇಕಾಗುತ್ತಿತ್ತು. ಅದನ್ನು ಯಾವ ಸಾಹೇಬರೂ ಬರೆಯುವುದಿಲ್ಲ. ಅವರು ಬೇರೊಂದು ಬರೆದರು.

"ಇಷ್ಟು ದೂರದಿಂದ ಆರಿಸೋರು ಹಚ್ಚೋಕೂ ಬಲ್ಲರು. ಸೋಮವಾರದಿಂದ ಬೆಳಿಗ್ಗೆ ಎಂಟು ಗಂಟೆಗೆ ದೊಡ್ಡ ಯಂತ್ರನ ನೀವು ಇಲ್ಲಿಂದಲೇ ಹಚ್ಚಬೇಕು. ಆದೇಶ."

"ಸಾರ್, ಆರಿಸೋದು ಬೇರೆ, ಹಚ್ಚೋದು ಬೇರೆ. ಆರಿದ ಯಂತ್ರದ ಒಳಗೆ ಹೋಗೋಕೆ ಬಾಗಿಲೇ ಇರಲ್ಲ..."

"ವಿನಯ ಸಾಕು ಕಮಾಂಡರೇ," ಎಂದು ಸಾಹೇಬರು ಜೀಪು ಹತ್ತಿದರು.

ಮನೆಯಲ್ಲಿ ಭಾಮೈದ ಅಡುಗೆಮನೆಯ ಮಣೆಯ ಮೇಲೆ ಕೂತು ಎರಡನೆಯ ಲೋಟ ಚಹಾ ಕುಡಿಯುತ್ತಿದ್ದ. ಬಲಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

"ನಾನು ಆರಿಸಲಿಲ್ಲ ಕಣೋ," ಎಂದ ಗುಮಾಸ್ತ. "ನನ್ನದೇ ಆರಿದ್ದು."

"ಗೊತ್ತು ಭಾವ. ಅಲ್ಲಿ ಯಂತ್ರದ ದೀಪ ಅಲ್ಲಾಡಲೇ ಇಲ್ಲ. ನಿಮ್ಮನ್ನ ನಂಬ್ಕೊಂಡು ನಿಂತಿದ್ರೆ ಇಬ್ಬರೂ ಮನೆಗೆ ಹೋಗ್ತಿದ್ವಿ. ಮೇಜಿನ ಕೆಳಗೆ ಬ್ಯಾಟರಿ ಡಬ್ಬಿ ಇದೆಯಲ್ಲ, ಚಪ್ಪಲಿ ಬಿಟ್ಟು ಹೆಬ್ಬೆರಳಲ್ಲಿ ಗುಂಡಿ ಒತ್ತಿದೆ. ಹೊಸ ಗುಂಡಿ, ಬಿಗಿ. ಉಗುರು ಕಿತ್ತುಬಂತು."

"ನೀನು ಆರಿಸಿಲ್ಲ ಅಂತ ತೋರಿಸೋಕೆ ನೀನೇ ಆರಿಸಿದ್ಯಾ?"

"ಜೀವನದಲ್ಲಿ ಅದೊಂದೇ ಸಲ ಭಾವ."

ಹೆಂಡತಿ ಗಂಡನ ಮುಂದೆಯೂ ಒಂದು ಲೋಟ ಇಟ್ಟಳು. ಮೂರು ದಿನದ ಮೇಲೆ ಇಟ್ಟ ಮೊದಲ ಲೋಟ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ. ಶಾಖಾ ಕಚೇರಿಯ ಬಾಗಿಲು ಇನ್ನೂ ಅರ್ಧವೇ ತೆರೆದಿತ್ತು. ಗುಮಾಸ್ತ ಕಪ್ಪು ಕಿಟಕಿಯ ಮುಂದೆ ತೋಳು ಮಡಚಿಕೊಂಡು ಕೂತಿದ್ದ. ಅಲ್ಲಿ ಮುಖ್ಯ ಕಚೇರಿಯಲ್ಲಿ ದೊಡ್ಡ ಸಾಹೇಬರು, ಹೆಡ್ ಕ್ಲರ್ಕು ಗಾಜಿನ ಆಚೆ ಗಡಿಯಾರ ಹಿಡಿದು ನಿಂತಿದ್ದರು. ಭಾಮೈದ ಗಾಜಿಗೆ ಬೆನ್ನು ಮಾಡಿ ಯಂತ್ರದ ಹತ್ತಿರ ನಿಂತು ಫೋನ್ ಮಾಡಿದ.

"ಭಾವ, ಎಂಟಾಯ್ತು. ಟೈಪ್ ಮಾಡಿದ್ರಾ?"

"ಮಾಡ್ದೆ ಕಣೋ."

"ಏನಂತ?"

"ಏನೋ ಒಂದು. ನೀನು ಒತ್ತು."